ಒಳಗಿನಿಂದ ಹಾಕಿಕೊಳ್ಳುವ ಚಿಲಕ

ಹಳೆಯ ಹಿಡಿಕೆ ಬಿಚ್ಚಿದ ಮೇಲೆ ಮಗಳ ಕೋಣೆಯ ಬಾಗಿಲಲ್ಲಿ ಒಂದು ತೂತು ಉಳಿಯಿತು. ಅದರಿಂದ ಕೋಣೆಯ ಒಳಗು ಕಾಣುತ್ತದೆಂದು ಅವನು ಯೋಚಿಸಿಯೇ ಇರಲಿಲ್ಲ. ಮಂಡಿಯೂರಿ ಕೂತಿದ್ದ ಅವನ ಕಣ್ಣಿನ ಮಟ್ಟಕ್ಕೇ ಅದು ಇತ್ತು. ನೋಡಬಾರದು ಅಂದುಕೊಳ್ಳುವಷ್ಟರಲ್ಲಿ ನೋಡಿಬಿಟ್ಟಿದ್ದ. ಕಿಟಕಿಯ ಬೆಳಕು, ಮಂಚದ ಒಂದು ಕಾಲು, ಅದರ ಪಕ್ಕ ಬಾಯಿ ತೆರೆದುಕೊಂಡು ಕೂತ ನೀಲಿ ಚೀಲ, ಚೀಲದೊಳಗೆ ಮಡಿಸಿದ ಬಟ್ಟೆ ಇಡುತ್ತಿದ್ದ ಮಗಳ ಕೈ. ಆ ಕೈ ಅಲ್ಲೇ ನಿಂತಿತು. “ಅಪ್ಪ, ಅಲ್ಲಿಂದ ನೋಡ್ತಿದ್ದೀಯಾ?” ಎಂದಳು. “ಇಲ್ಲಮ್ಮ, ಧೂಳು ಊದ್ತಿದ್ದೆ,” ಎಂದವನೇ ಮಾತಿಗೆ ತಕ್ಕಂತೆ ಇರಲೆಂದು ತೂತಿಗೆ ಬಾಯಿಟ್ಟು ನಿಜವಾಗಿಯೂ ಊದಿದ. ಒಳಗಿದ್ದ ಮರದ ಪುಡಿ ತಿರುಗಿ ಬಂದು ಅವನ ಕಣ್ಣಿಗೇ ಬಿತ್ತು.

ಕಣ್ಣುಜ್ಜಿಕೊಳ್ಳುತ್ತ ಸ್ಕ್ರೂಗಳನ್ನು ಹುಡುಕಿದ. ಬೆಳಗಿನಿಂದ ಹೊಸ ಹಿಡಿಕೆ ಹಾಕುತ್ತ ಅಡುಗೆಮನೆಯ ಬಾಗಿಲು ಮುಗಿದಿತ್ತು, ಮಲಗುವ ಕೋಣೆಯದು ಮುಗಿದಿತ್ತು. ಅವೆರಡಕ್ಕೂ ಅವಸರವಿರಲಿಲ್ಲ. ಅವಸರವಿದ್ದದ್ದು ಇದಕ್ಕೆ, ಅದಕ್ಕೇ ಇದನ್ನು ಕೊನೆಗಿಟ್ಟುಕೊಂಡಿದ್ದ. ನಾಳೆ ಬೆಳಿಗ್ಗೆಯ ಹೊತ್ತಿಗೆ ಈ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಒಂದು ಗಟ್ಟಿ ಚಿಲಕ ಇರಬೇಕು. ಇಲ್ಲದಿದ್ದರೆ ಆ ನೀಲಿ ಚೀಲ ಊರಿನ ಆ ತುದಿಯಲ್ಲಿರುವ ಒಂದು ಬಾಡಿಗೆ ರೂಮಿಗೆ ಹೋಗುತ್ತದೆ. ಮಗಳು ಇದನ್ನು ಜಗಳವಾಡಿ ಹೇಳಿರಲಿಲ್ಲ. ಊಟದ ನಡುವೆ, ನೀರಿನ ಲೋಟ ಇತ್ತ ಸರಿಸಿ ಎನ್ನುವಷ್ಟು ತಣ್ಣಗೆ ಹೇಳಿದ್ದಳು. ಹಾಸ್ಟೆಲಿನಲ್ಲಿ ಓದು ಮುಗಿಸಿ ಬಂದು ಇಲ್ಲಿಯೇ ಕಣ್ಣಾಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಾಗ, ಇನ್ನು ಇವಳು ಮನೆಯಲ್ಲೇ ಇರುತ್ತಾಳೆಂದು ಅವನು ಹಿಗ್ಗಿದ್ದ. ಹಿಗ್ಗಿದವನು ಸುಮ್ಮನಿರಬೇಕಿತ್ತು. ಬೆಳಗಿನ ಜಾವ ಎದ್ದು ಅವಳ ಬಾಗಿಲು ದೂಡಿ, ಹೊದಿಕೆ ಮೇಲೆ ಕೆಳಗೆ ಆಡುತ್ತಿದೆಯೇ ಎಂದು ನೋಡಿ ಬರುವುದನ್ನು ಮತ್ತೆ ಶುರುಮಾಡಿದ. “ನಿದ್ದೆ ಮಾಡ್ತಿರೋವಾಗ ಯಾರೋ ನಿಂತು ನೋಡ್ತಿದ್ರೆ ಎಚ್ಚರ ಆಗುತ್ತಪ್ಪ,” ಎಂದಿದ್ದಳು ಅವತ್ತು. ‘ಯಾರೋ’ ಎಂದಿದ್ದಳು.

ಈ ಮನೆಯಲ್ಲಿ ಚಿಲಕಗಳೇ ಇರಲಿಲ್ಲವೆಂದಲ್ಲ. ಬರುವಾಗ ಎಲ್ಲ ಬಾಗಿಲಿಗೂ ಇದ್ದವು. ಅವನು ಅವುಗಳನ್ನು ಸವೆಯಲು ಬಿಟ್ಟ, ಅಷ್ಟೆ. ಒಂದು ಸ್ಕ್ರೂ ಸಡಿಲವಾದರೆ ಬಿಗಿ ಮಾಡಲಿಲ್ಲ, ಬಿದ್ದರೆ ಎತ್ತಿಡಲಿಲ್ಲ, ತುಕ್ಕು ಹಿಡಿದರೆ ಎಣ್ಣೆ ಬಿಡಲಿಲ್ಲ. ಗೋದಾಮಿನಲ್ಲಿ ಸರಕಿನ ಮೇಲ್ವಿಚಾರಕ ಅವನು. ಒಂದು ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಿಲ್ಲವೆಂದರೆ ಲಾರಿಯನ್ನೇ ತಡೆದು ನಿಲ್ಲಿಸುವ ಮನುಷ್ಯ. ಮನೆಗೆ ಬಂದರೆ ಮಾತ್ರ ಕಣ್ಣಿದ್ದೂ ಕುರುಡ. ಅವನ ಅಮ್ಮನಾದರೋ ಇಂಥ ಅಡ್ಡದಾರಿ ಹಿಡಿದವಳಲ್ಲ. ಅಣ್ಣ ತೀರಿಹೋದ ಮರುದಿನವೇ ಅಡುಗೆಮನೆಯ ಚಾಕುವಿನ ತುದಿಯಿಂದ ಮನೆಯ ಚಿಲಕಗಳನ್ನೆಲ್ಲ ಕಿತ್ತು ಡಬ್ಬಕ್ಕೆ ತುಂಬಿ, ಡಬ್ಬವನ್ನು ಬೀದಿಯ ತೊಟ್ಟಿಗೆ ಎಸೆದು ಬಂದಿದ್ದಳು. ಚಾಕು ಜಾರಿ ಅಂಗೈ ಕುಯ್ದಿತ್ತು. ಯಾರನ್ನೂ ಹತ್ತಿರ ಬರಲು ಬಿಡಲಿಲ್ಲ.

ಅಣ್ಣನಿಗೆ ಮೂರ್ಛೆ ಬರುತ್ತಿತ್ತು, ಅಪರೂಪಕ್ಕೆ. ತಮಾಷೆಯೂ ಅವನಿಗೆ ಅಷ್ಟೇ ಇಷ್ಟ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಹೊರಗಿನಿಂದ ಎಷ್ಟು ಕೂಗಿದರೂ ಉಸಿರೆತ್ತದೆ ಕೂತು, ಮನೆಯವರೆಲ್ಲ ಬಾಗಿಲ ಮುಂದೆ ಸೇರಿದ ಮೇಲೆ ನಗುತ್ತ ಹೊರಗೆ ಬರುತ್ತಿದ್ದ. ಹಾಗಾಗಿ ಅವತ್ತೂ ಅಮ್ಮ ಒಲೆಯ ಮುಂದಿನಿಂದ ಏಳದೆ, “ಇರಲಿ ಬಿಡು, ಅವನ ಆಟ ನನಗೆ ಗೊತ್ತಿಲ್ವಾ,” ಎಂದಳು. ಆಮೇಲೆ ಅಪ್ಪ ಒಳಗಿನ ಚಿಲಕ ಮುರಿಯುವಷ್ಟು ಗುದ್ದಿದರೂ ಬಾಗಿಲು ಪೂರ್ತಿ ತೆರೆಯಲಿಲ್ಲ. ಅದು ಒಳಕ್ಕೆ ತೆರೆಯುವ ಬಾಗಿಲು, ಅಣ್ಣ ಅದಕ್ಕೇ ಆತು ಬಿದ್ದಿದ್ದ. ಸಂದಿಯಲ್ಲಿ ಒದ್ದೆ ಕೂದಲು ಕಾಣುತ್ತಿತ್ತು. ಹೆಚ್ಚು ಬಲ ಹಾಕಿದರೆ ಅವನಿಗೇ ಪೆಟ್ಟಾಗುತ್ತದೆಂದು ಅಪ್ಪ ಮೆಲ್ಲಗೆ ದೂಡುತ್ತಿದ್ದ, ಮೆಲ್ಲಗೆ, ಮಲಗಿದವನನ್ನು ಎಬ್ಬಿಸಬಾರದೆನ್ನುವ ಹಾಗೆ.

ಅಂದಿನಿಂದ ಅವರ ಮನೆಯಲ್ಲೊಂದು ಪದ್ಧತಿ ಬಂತು. ಬಚ್ಚಲಿಗೆ ಹೋದವರು ಹೊರಬರುವವರೆಗೆ ಸದ್ದು ಮಾಡುತ್ತಲೇ ಇರಬೇಕು. ಹಾಡಾಗಲಿ, ಮಾತಾಗಲಿ, ಚೊಂಬು ಕುಟ್ಟುವುದಾಗಲಿ. ಸದ್ದು ನಿಂತಿತೋ ಅಮ್ಮ ಬಾಗಿಲು ದೂಡಿಕೊಂಡು ಒಳಗೆ ಬಂದಳೆಂದೇ ಲೆಕ್ಕ. ಮೀಸೆ ಮೂಡಿದ ಮೇಲೂ ಬಂದಳು. ಅವನಿಗೆ ಹಾಡು ಬರುತ್ತಿರಲಿಲ್ಲ, ಸುಮ್ಮನೆ ಗುಂಯ್‌ಗುಡುತ್ತಿದ್ದ. ಆ ಗುಂಯ್‌ಗುಡುವಿಕೆ ಅವನ ಜೊತೆ ಕೆಲಸದ ಜಾಗಕ್ಕೂ ಬಂದು, ಅಲ್ಲಿನ ಶೌಚಾಲಯದಲ್ಲೂ ಬಾಯಿ ತಾನಾಗಿ ಶುರುಮಾಡಿ, ಗೋದಾಮಿನವರು ಅವನಿಗೆ ‘ರೇಡಿಯೊ’ ಎಂದು ಹೆಸರಿಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿ ಈ ಪದ್ಧತಿಯನ್ನು ಕೇಳಿ ಮೊದಲು ನಕ್ಕಳು, ಆಮೇಲೆ ಅತ್ತಳು, ಕೊನೆಗೆ ತನಗೂ ಹಾಡು ಬರುವುದಿಲ್ಲವೆಂದು ಮಗ್ಗಿ ಹೇಳತೊಡಗಿದಳು. ಬಚ್ಚಲಿನಿಂದ ಮೈತಿಕ್ಕಿಕೊಳ್ಳುವ ಲಯಕ್ಕೆ ಸರಿಯಾಗಿ ಹದಿಮೂರರ ಮಗ್ಗಿ ಕೇಳಿಬರುತ್ತಿತ್ತು. ಮಗಳು ಶಾಲೆಗೆ ಸೇರುವ ಮೊದಲೇ ಅದನ್ನು ಕಲಿತಿದ್ದಳು. “ನಮ್ಮ ಮನೇಲಿ ಸ್ನಾನ ಮಾಡಿದ್ರೆ ಲೆಕ್ಕ ಬರುತ್ತೆ,” ಎಂದು ಹೆಂಡತಿ ಬಂದವರನ್ನು ನಗಿಸುತ್ತಿದ್ದಳು. ನಗುವವರ ಜೊತೆ ಅವನೂ ನಗುತ್ತಿದ್ದ, ಕಿವಿ ಮಾತ್ರ ಬಚ್ಚಲಿನ ಕಡೆಗೇ ಇರುತ್ತಿತ್ತು.

“ಮುಗೀತೇನ್ರೀ?” ಹೆಂಡತಿ ಒದ್ದೆ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನಿಂತಳು. ಹೊಸ ಹಿಡಿಕೆ ಕೂತಾಗಿತ್ತು. ತಣ್ಣಗೆ, ಹೊಳೆಯುತ್ತ, ಮುಟ್ಟಿದರೆ ಬೆರಳ ಗುರುತು ಬೀಳುವಂಥದು. ಒಳಗಡೆ, ಹಿಡಿಕೆಯ ಕೆಳಗೆ, ತಿರುಗಿಸಿದರೆ ಬೀಳುವ ಪುಟ್ಟ ಚಿಲಕ. “ಅಂದವಾಗಿದೆ,” ಎಂದು ಹೆಂಡತಿ ಹೊರಭಾಗವನ್ನು ಬೆರಳಿನಿಂದ ಸವರಿದಳು. ಅವಳ ಬೆರಳು ಕೆಳಗಿನ ಬಿಲ್ಲೆಯ ನಡುವಿನ ಸಣ್ಣ ಗೀರಿನ ಮೇಲೆ ಹಾದು, ಹಿಂದಕ್ಕೆ ಬಂದು, ಅಲ್ಲೇ ನಿಂತಿತು. ಅವಳು ಅವನ ಮುಖ ನೋಡಿದಳು. ಅವನು ಉಳಿಯ ಮೇಲಿನ ಮರದ ಚೂರು ತೆಗೆಯುತ್ತಿದ್ದ. “ನನಗೇನೋ ಇದು ಸರಿ ಕಾಣಲ್ಲ,” ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

ಸರಿ ಕಾಣುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ನಿನ್ನೆ ಬೀಗದಂಗಡಿಯಲ್ಲಿ ಆ ಗೀರನ್ನು ಕಂಡಾಗಲೇ ಗೊತ್ತಿತ್ತು. ಅಂಗಡಿಯವನು ಬಾಯಿತುಂಬ ಮಾತಿನ, ದುಂಡನೆಯ ಮನುಷ್ಯ. ನಾಣ್ಯವೊಂದನ್ನು ಗೀರಿಗೆ ಇಟ್ಟು ತಿರುಗಿಸಿ ತೋರಿಸಿದ. “ಒಳಗಿಂದ ಹಾಕ್ಕೊಂಡ್ರೂ ಹೊರಗಿಂದ ತೆಗೀಬಹುದು ನೋಡಿ. ಚಿಕ್ಕ ಮಕ್ಕಳಿರೋ ಮನೆಗೆ ಇದೇ ವಾಸಿ. ಮಗುಗೆಷ್ಟು ವಯಸ್ಸು?” ಅವನು ಒಂದು ಕ್ಷಣವೂ ತಡೆಯಲಿಲ್ಲ. “ನಾಲ್ಕು,” ಎಂದ. ಅಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ. “ತುಂಬ ತುಂಟಿ. ಒಳಗೆ ಸೇರಿಕೊಂಡುಬಿಡ್ತಾಳೆ,” ಎಂದು ಸೇರಿಸಿದ. ಹಾಗೆ ಹೇಳುವಾಗ ಎದೆಯಲ್ಲೊಂದು ಹಿತವಾದ ಬಿಸಿ ಹರಿಯಿತು. ಮನೆಗೆ ಹೋದರೆ ಅಂಥದೊಂದು ಮಗು ನಿಜವಾಗಿಯೂ ಕಾಲಿಗೆ ತೊಡರಿಕೊಳ್ಳುತ್ತದೆನ್ನಿಸಿತು.

ಮಗಳು ಹೊರಗೆ ಬಂದಳು. ಬಾಗಿಲನ್ನು ತೆರೆದು ಮುಚ್ಚಿದಳು, ಚಿಲಕ ತಿರುಗಿಸಿ ನೋಡಿದಳು. ಅವಳ ಮುಖ ಸಡಿಲವಾದದ್ದನ್ನು ಅವನು ಕಂಡ. “ಚೆನ್ನಾಗಿದೆ ಅಪ್ಪ,” ಎಂದಳು. ಆ ಮಾತಿಗೆ ಅವನು ಏನೆಲ್ಲ ಕೊಡಬಲ್ಲವನಾಗಿದ್ದ. ಆಮೇಲೆ ಅವಳು ಬಗ್ಗಿದಳು. ದಿನವಿಡೀ ಬೇರೆಯವರ ಕಣ್ಣೊಳಗೆ ಬೆಳಕು ಬಿಟ್ಟು ನೋಡುವ ಹುಡುಗಿ. ಗೀರು ಅವಳಿಂದ ತಪ್ಪಿಸಿಕೊಳ್ಳುವುದಾದರೂ ಎಲ್ಲಿಗೆ? ಬಾಗಿಲು ತೆರೆದಿರುವಂತೆಯೇ ಒಳಗಿನ ಚಿಲಕ ತಿರುಗಿಸಿದಳು, ಪರ್ಸಿನಿಂದ ಒಂದು ನಾಣ್ಯ ತಂದು ಹೊರಗಿನ ಗೀರಿಗಿಟ್ಟಳು. ಚಿಲಕ ವಿಧೇಯವಾಗಿ ಹಿಂದಕ್ಕೆ ಸರಿಯಿತು. ಇನ್ನೊಮ್ಮೆ ಮಾಡಿದಳು. ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಅಂಗಡಿ ತೆರೆದಿರುತ್ತಲ್ವಾ? ನಡಿ, ಬದಲಾಯಿಸಿಕೊಂಡು ಬರೋಣ,” ಎಂದಳು. “ನಾನೊಬ್ಬನೇ ಹೋಗ್ತೀನಮ್ಮ, ಬಿಸಿಲಿದೆ.” “ಬರ್ತೀನಿ,” ಎಂದಳು ಅವಳು.

ದಾರಿಯುದ್ದಕ್ಕೂ ಅವಳು ಒಂದು ಹೆಜ್ಜೆ ಮುಂದೆ. ಶಾಲೆಗೆ ಬಿಡಲು ಹೋಗುವಾಗಲೂ ಹೀಗೇ ಮುಂದೆ ಓಡುತ್ತಿದ್ದವಳು, ತಿರುವು ಬಂದಾಗ ನಿಂತು ಅವನ ಬೆರಳು ಹಿಡಿಯುತ್ತಿದ್ದಳು. ತಿರುವು ಬಂತು, ಹೋಯಿತು. ಅಂಗಡಿಯವನಿಗೆ ಇವತ್ತು ಹುಷಾರಿಲ್ಲದೆ ಬೇರೆ ಯಾರಾದರೂ ಕೂತಿರಲಿ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಆದರೆ ಅಂಗಡಿಯವನು ಗುಂಡುಕಲ್ಲಿನ ಹಾಗೆ ತನ್ನ ಜಾಗದಲ್ಲೇ ಇದ್ದ, ಅವನನ್ನು ಕಂಡು ಮುಖ ಅರಳಿಸಿದ. ಮಗಳು ಬಿಚ್ಚಿ ತಂದ ಚಿಲಕದ ಪೊಟ್ಟಣವನ್ನು ಮೇಜಿನ ಮೇಲಿಟ್ಟು, “ಇದು ಬೇಡ. ಹೊರಗಿಂದ ತೆಗೆಯೋಕೆ ಆಗದೇ ಇರೋದು ಕೊಡಿ. ಸಾದಾ ಅಗುಳಿ,” ಎಂದಳು. ಅಂಗಡಿಯವನು ಅವಳನ್ನು ಬಿಟ್ಟು ಅವನನ್ನೇ ನೋಡಿ, “ಯೋಚನೆ ಮಾಡಿ ಸಾರ್. ನಾಲ್ಕು ವರ್ಷದ ಮಗು ಅಂದ್ರಲ್ಲ. ಅಗುಳಿ ಹಾಕ್ಕೊಂಡು ತೆಗೆಯೋಕೆ ಬರದೇ ಅಳ್ತಾ ಕೂತ್ರೆ ಬಾಗಿಲು ಒಡೀಬೇಕಾಗುತ್ತೆ,” ಎಂದ. ಆಮೇಲೆ ಮಗಳ ಕಡೆ ತಿರುಗಿ, “ಅಪ್ಪ ಸರಿಯಾದ್ದನ್ನೇ ತಗೊಂಡಿದ್ರಮ್ಮ. ನಿನ್ನ ತಂಗಿಗೇ ಅಲ್ವಾ?” ಎಂದ.

ಅವನಿಗೆ ಕಿವಿಯೊಳಗೆ ನೀರು ಹೊಕ್ಕಂತಾಯಿತು. ಅಂಗಡಿಯ ಗೋಡೆಗೆ ತೂಗುಬಿಟ್ಟಿದ್ದ ಬೀಗಗಳೆಲ್ಲ ಬಾಯಿ ಬಿಗಿಹಿಡಿದು ನಗು ತಡೆದುಕೊಂಡಂತೆ ಕಂಡವು. ಮಗಳು ಏನೂ ಹೇಳದಿದ್ದರೆ ಸಾಕು, ಇಲ್ಲಿಂದ ಹೊರಗೆ ಹೋದ ಮೇಲೆ ಏನು ಬೇಕಾದರೂ ಹೇಳಲಿ. ಮಗಳು ಸ್ವಲ್ಪ ಹೊತ್ತು ಮೇಜಿನ ಗಾಜಿನ ಕೆಳಗಿದ್ದ ಕೀಲಿಗಳನ್ನು ನೋಡಿದಳು. “ಹೌದು,” ಎಂದಳು. “ಅವಳು ಈಗ ದೊಡ್ಡವಳಾಗಿದ್ದಾಳೆ. ಅಗುಳಿ ಕೊಡಿ.” ಅಂಗಡಿಯವನಿಗೆ ಇದು ಅರ್ಥವಾಗಲಿಲ್ಲ, ಆದರೆ ಅಗುಳಿ ಕೊಟ್ಟ.

ಬರುವಾಗ ಅವಳು ಹಿಂದಿದ್ದಳು. ಅದು ಇನ್ನೂ ಕಷ್ಟ. ಬೆನ್ನಿಗೆ ಅವಳ ನೋಟ ತಾಗುತ್ತಿದೆಯೆಂದು ನಡಿಗೆಯೇ ತಪ್ಪಿಹೋಯಿತು. ಸಿಟ್ಟೂ ಬಂತು. ತಾನೇನು ಕಳ್ಳನೇ? ಉಸಿರು ಆಡುತ್ತಿದೆಯೇ ಎಂದು ನೋಡುವುದು ಇವಳಿಗೆ ಅವಮಾನವಾಗುವಂಥ ಯಾವ ತಪ್ಪು? ಇವಳಿಗೆ ಜ್ವರ ಬಂದಾಗ ಬೆಳಕು ಹರಿಯುವವರೆಗೆ ಎದೆಯ ಮೇಲೆ ಕೈಯಿಟ್ಟು ಕೂತವನು ಯಾರು? ಹೀಗೆ ಒಳಗೊಳಗೇ ಕುದಿಯುತ್ತ ಮನೆ ಸೇರಿದ. ಕೋಣೆಯೊಳಗೆ ಹೋಗಿ, ಗೀರಿನ ಜಾಗಕ್ಕೆ ಬರೀ ತಗಡಿನ ಬಿಲ್ಲೆ ಬಡಿದು, ಅಗುಳಿಯ ಅಳತೆ ತೆಗೆದು, ಬಾಗಿಲಿಗೆ ಸ್ಕ್ರೂ ಹಾಕಿದ. ಚೌಕಟ್ಟಿನಲ್ಲಿ ಕೊಂಡಿ ಎಲ್ಲಿ ಕೂರಬೇಕೆಂದು ನೋಡಲು ಬಾಗಿಲು ಮುಚ್ಚಿಕೊಳ್ಳಲೇಬೇಕು. ಮುಚ್ಚಿ, ಗುರುತು ಹಾಕಿ, ಕೊಂಡಿಯನ್ನು ಬಿಗಿಮಾಡಿ, ಅಗುಳಿಯನ್ನು ಸರಿಸಿದ. ಅದು ಒಂದೇ ಸಲಕ್ಕೆ ಒಳಗೆ ಹೋಗಿ ಕೂತಿತು.

ಆಗ ಅವನಿಗೆ ತಿಳಿಯಿತು, ಅಣ್ಣ ಹೋದ ಮೇಲೆ ತಾನು ಒಂದು ಬಾಗಿಲಿಗೂ ಒಳಗಿನಿಂದ ಚಿಲಕ ಹಾಕಿಲ್ಲವೆಂದು. ನಾಲಿಗೆ ತಾನಾಗಿ ಗುಂಯ್‌ಗುಡಲು ಹೊರಟಿತು. ತಡೆದ. ಮಂಚದ ಅಂಚಿಗೆ ಕೂತ. ನೀಲಿ ಚೀಲ ಕಾಲಿಗೆ ತಾಗಿತು. ಕೋಣೆ ಎಷ್ಟು ಬೇರೆಯಾಗಿತ್ತು. ಹೊರಗೆ ನಲ್ಲಿ ಬಿಟ್ಟ ಸದ್ದು, ಪಾತ್ರೆ ಇಟ್ಟ ಸದ್ದು, ಎಲ್ಲ ಯಾರದೋ ಮನೆಯಲ್ಲಿ ನಡೆಯುತ್ತಿರುವಂತಿತ್ತು. ಯಾರೂ ಒಳಗೆ ಬರಲಾರರು. ಹೆಗಲು ತಾವಾಗಿ ಇಳಿದವು. ಇಷ್ಟು ವರ್ಷ ಅವು ಏರಿಕೊಂಡೇ ಇದ್ದವೆಂದು ಗೊತ್ತಾದದ್ದೇ ಇಳಿದ ಮೇಲೆ. “ಅಪ್ಪ, ಕೂತ್ಕೊಂಡ್ತಾ ಅಗುಳಿ?” ಮಗಳ ದನಿ. ಹ್ಞೂಂ ಎನ್ನಲು ಬಾಯಿ ತೆರೆದ, ಅನ್ನಲಿಲ್ಲ. ಅಂಗಡಿಯ ಉರಿ ಇನ್ನೂ ಆರಿರಲಿಲ್ಲ, ಅವಳೂ ಒಂದು ಕ್ಷಣ ಹೊರಗೆ ನಿಂತು ನೋಡಲಿ ಎಂದಿತು ಮನಸ್ಸು. ಅದಷ್ಟೇ ಅಲ್ಲ. ಹೊರಗೆ ನಿಂತವರು ಕೂಗುತ್ತಾರೆ, ಒಳಗಿದ್ದವನಿಗೆ ಏನೂ ಆಗಿಲ್ಲ, ಅವನು ಬೆಚ್ಚಗೆ ಕೂತಿದ್ದಾನೆ. ಅಣ್ಣನಿಗೆ ಇದೆಷ್ಟು ರುಚಿಸಿರಬೇಕು. ಅಣ್ಣನೆಂದರೆ ಸಂದಿಯಲ್ಲಿ ಕಂಡ ಒದ್ದೆ ಕೂದಲು ಎಂದಷ್ಟೇ ಆಗಿಹೋಗಿತ್ತು ಇಲ್ಲಿಯವರೆಗೆ. ಬಾಗಿಲ ಹಿಂದೆ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆಯುತ್ತಿದ್ದ ಹುಡುಗ ಈಗ ಮೊದಲ ಬಾರಿಗೆ ನೆನಪಾದ. ಅವನ ಕಣ್ಣು ತುಂಬಿತು.

“ಅಪ್ಪ?” ದನಿ ಬಾಗಿಲಿಗೆ ಹತ್ತಿರವಾಗಿತ್ತು. ಬೆರಳ ಗೆಣ್ಣಿನಿಂದ ಎರಡು ಬಡಿತ. “ಅಪ್ಪ, ಮಾತಾಡು.” ಅಡುಗೆಮನೆಯಿಂದ ಹೆಂಡತಿ ಹೇಳುವುದು ಕೇಳಿಸಿತು: “ಇರಲಿ ಬಿಡೇ, ಮುನಿಸಿಕೊಂಡಿದ್ದಾರೆ. ಅವರ ಆಟ ನನಗೆ ಗೊತ್ತಿಲ್ವಾ.”

ಅವನು ಧಡಕ್ಕನೆ ಎದ್ದು ನಿಂತ. ಆ ಮಾತು ಅಮ್ಮನದು. ಆ ಮನೆಯಿಂದ, ಆ ಒಲೆಯ ಮುಂದಿನಿಂದ ಅದು ಇಲ್ಲಿಗೆ ಹೇಗೆ ಬಂತು? ಹೆಂಡತಿಗೆ ಅವನು ಅದನ್ನು ಎಂದೂ ಹೇಳಿರಲಿಲ್ಲ. ಇದ್ದೇನೆ ಎನ್ನಬೇಕು, ಈಗಲೇ ಅನ್ನಬೇಕು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಅಷ್ಟರಲ್ಲಿ ಬಾಗಿಲಿಗೆ ಏನೋ ಬಂದು ಅಪ್ಪಳಿಸಿತು. ಕೈಯಲ್ಲ, ಹೆಗಲು. ಅವನು ಓಡಿಹೋಗಿ ಅಗುಳಿ ಎಳೆದ. ಹೊರಗಿನಿಂದ ಬಾಗಿಲನ್ನು ಒತ್ತಿಹಿಡಿದಿದ್ದರಿಂದ ಅದು ಕೊಂಡಿಯಲ್ಲಿ ಕಚ್ಚಿಕೊಂಡು ಅಲುಗಲಿಲ್ಲ. ಇನ್ನೊಂದು ಪೆಟ್ಟು. ಚೌಕಟ್ಟಿನಿಂದ ಸುಣ್ಣ ಉದುರಿತು. “ಅಪ್ಪಾ, ಬಾಗಿಲ ಹತ್ರ ಇದ್ರೆ ಸರ್ಕೋ. ತೆವಳಿಕೊಂಡಾದ್ರೂ ಸರ್ಕೋ,” ಎನ್ನುತ್ತಿದ್ದಳು ಅವಳು, ಅಳುತ್ತ. ತಳ್ಳಬೇಡ ಎನ್ನಲು ಹೋದರೆ ಗಂಟಲಿನಿಂದ ಬಂದದ್ದು ಬೇರೆಯೇ. “ಹದಿಮೂರೊಂದ್ಲಿ ಹದಿಮೂರು,” ಎಂದು ಅವನು ಒರಲಿದ. “ಹದಿಮೂರೆರಡ್ಲಿ ಇಪ್ಪತ್ತಾರು. ಹದಿಮೂರು ಮೂರ್ಲಿ ಮೂವತ್ತೊಂಬತ್ತು.” ಹೊರಗಿನ ಒತ್ತು ನಿಂತಿತು. ಅಗುಳಿ ಸರಿಯಿತು.

ಅವಳು ಹೊಸ್ತಿಲಲ್ಲಿ ನಿಂತಿದ್ದಳು, ಒಂದು ಕೈಯಲ್ಲಿ ಇನ್ನೊಂದು ಹೆಗಲನ್ನು ಹಿಡಿದುಕೊಂಡು. ಹಿಂದೆ ಹೆಂಡತಿ, ಕೈಯಲ್ಲಿನ ಸೋಪಿನ ನೊರೆಯ ಸಮೇತ, ಬಣ್ಣಗೆಟ್ಟ ಮುಖ. “ಮೊದಲೇ ಹೇಳೋಕೇನಾಗಿತ್ತು ನಿನಗೆ?” ಎಂದಳು ಮಗಳು. ಅವಳು ಮಂಚದ ಮೇಲೆ ಕುಸಿದು ಕೂತು, ನೀಲಿ ಚೀಲವನ್ನು ಕಾಲಿನಿಂದ ದೂರ ತಳ್ಳಿದಳು. “ತೆಗೆದುಬಿಡಪ್ಪ ಅದನ್ನ. ಚಿಲಕ ಬೇಡ, ಏನೂ ಬೇಡ. ನಾನು ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತೀನಿ.”

ಬೆಳಗಿನಿಂದ, ಇಡೀ ವಾರದಿಂದ, ಅವನು ಬಯಸಿದ್ದು ಇದನ್ನೇ. ಈಗ ಅದು ಕೈಗೆ ಬಂದಿತ್ತು. ಅವಳ ಹೆಗಲ ಮೇಲೆ ಬಟ್ಟೆ ಉಜ್ಜಿ ಕೆಂಪಾಗಿತ್ತು. ಅವಳು ಅವನ ಎದೆಯನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಅಂಗಿಯ ಗುಂಡಿಗಳ ಬಳಿ, ಅದು ಮೇಲೆ ಕೆಳಗೆ ಆಡುವುದನ್ನು. ಬೆಳಗಿನ ಜಾವ ಅವಳ ಬಾಗಿಲಲ್ಲಿ ನಿಂತು ತಾನು ನೋಡುವುದು ಹೀಗೇ ಎಂದು ಅವನಿಗೆ ಗೊತ್ತಾಯಿತು. ಅಮ್ಮ ಚಿಲಕಗಳ ಡಬ್ಬವನ್ನು ಎಸೆದಿದ್ದಳು, ಅವನು ಚಿಲಕಗಳನ್ನು ಸವೆಸಿದ್ದ, ಆದರೂ ಇದು ಅವಳವರೆಗೆ ಬಂದು ಮುಟ್ಟಿತ್ತು. ಅವಳು ಇಲ್ಲೇ ಇರುತ್ತಾಳೆ. ಸದ್ದು ಮಾಡುತ್ತ ಇರುತ್ತಾಳೆ, ಅವನ ಸದ್ದನ್ನು ಕೇಳಿಸಿಕೊಳ್ಳುತ್ತ ಇರುತ್ತಾಳೆ.

ಅವನು ಸ್ಕ್ರೂಡ್ರೈವರ್ ಎತ್ತಿಕೊಂಡು ಅಗುಳಿಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದ. ಹೆಂಡತಿ, “ಬಿಚ್ಚಿಬಿಡಿ, ಒಳ್ಳೇದಾಯ್ತು,” ಎಂದಳು. ಅವನು ಅಗುಳಿ, ಕೊಂಡಿ, ಸ್ಕ್ರೂಗಳನ್ನು ಹಳೆಯ ಕಾಗದದಲ್ಲಿ ಸುತ್ತಿ ಪೊಟ್ಟಣ ಮಾಡಿದ. ದೂರ ಸರಿದಿದ್ದ ನೀಲಿ ಚೀಲವನ್ನು ಎಳೆದು, ಮಡಿಸಿದ ಬಟ್ಟೆಗಳ ಸಂದಿಯಲ್ಲಿ ಪೊಟ್ಟಣವನ್ನು ತುರುಕಿದ. ಮಗಳು ನೋಡುತ್ತಿದ್ದಳು.

“ನಾಳೆ ನಾನೇ ಬಂದು ಹಾಕಿಕೊಡ್ತೀನಿ,” ಎಂದ. “ಅಲ್ಲಿಯ ಚಿಲಕ ಹೇಗಿರುತ್ತೋ ಏನೋ.”

ಅವಳು ಬೇಡವೆನ್ನಲಿಲ್ಲ. ಮೂಗೊರೆಸಿಕೊಂಡಳು. ಅವನು ಚೀಲದ ಬಾಯಿಯ ಜಿಪ್ಪನ್ನು ಎಳೆಯುತ್ತ, ಅವಳ ಕಡೆ ನೋಡದೆ, ಆದಷ್ಟು ಸಾಮಾನ್ಯವಾದ ದನಿಯಲ್ಲಿ ಕೇಳಿದ: “ಅಲ್ಲಿ ಬಚ್ಚಲಿನ ಬಾಗಿಲು ಒಳಕ್ಕೆ ತೆರೆಯುತ್ತೋ, ಹೊರಕ್ಕೋ?”

“ಹೊರಕ್ಕೆ,” ಎಂದಳು ಮಗಳು. “ಮೊದಲು ಅದನ್ನೇ ನೋಡಿದ್ದು ನಾನು. ಅದನ್ನ ನೋಡಿದ ಮೇಲೇ ರೂಮ್ ಒಪ್ಪಿಕೊಂಡಿದ್ದು.”